ಯೇಸುವಿನ ಹುಟ್ಟು, ಬಾಲ್ಯ: ಬೈಬಲ್‌ನ ನಾಲ್ಕು ಅಧ್ಯಾಯಗಳನ್ನು ಓದುವುದು ಹೇಗೆ?

ಡಿಸೆಂಬರ್ ಬಂತು ಅಂದರೆ ದಾವಣಗೆರೆಯ ಕಾನ್ವೆಂಟ್ ಶಾಲೆಗಳಲ್ಲಿ ಆ ನಾಟಕ ಇದ್ದೇ ಇರುತ್ತದೆ. ನೀಲಿ ಸೆರಗು ಹೊದ್ದ ಮರಿಯ, ಅಂಟಿಸಿದ ಗಡ್ಡದ ಯೋಸೇಫ, ಹೆಗಲಿಗೆ ಕಂಬಳಿ ಹಾಕಿಕೊಂಡ ಕುರುಬರು, ಥರ್ಮಾಕೋಲ್ ನಕ್ಷತ್ರ, ಬೇಗಡೆ ಕಾಗದದ ಕಿರೀಟ ಇಟ್ಟ ಮೂವರು ರಾಜರು, ಬಾಗಿಲು ತೆಗೆಯದ ಛತ್ರದವನು. ಹತ್ತು ನಿಮಿಷದಲ್ಲಿ ಎಲ್ಲರೂ ಒಂದೇ ವೇದಿಕೆ ಮೇಲೆ ಬಂದು ನಿಲ್ಲುತ್ತಾರೆ. ಅಪ್ಪ ಅಮ್ಮಂದಿರು ಮೊಬೈಲಲ್ಲಿ ಫೋಟೊ ಹೊಡೆದುಕೊಳ್ಳುತ್ತಾರೆ. ಮುಗಿಯಿತು.

ಆಮೇಲೆ ಯಾರಾದರೂ ಆಸೆಯಿಂದ ಬೈಬಲ್ ತೆಗೆದು ಈ ಕಥೆ ಹುಡುಕಿದರೆ ತಲೆ ಕೆಡುತ್ತದೆ. ಒಂದು ಕಡೆ ಕುರುಬರಿದ್ದಾರೆ, ನಕ್ಷತ್ರ ಇಲ್ಲ. ಇನ್ನೊಂದು ಕಡೆ ನಕ್ಷತ್ರ ಇದೆ, ಗೋದಲಿ ಇಲ್ಲ. ಛತ್ರದವನಂತೂ ಎಲ್ಲೂ ಇಲ್ಲ, ಪಾಪ.

ನಾನು ಸಂಡೇ ಸ್ಕೂಲ್‌ನಲ್ಲಿ ಮಕ್ಕಳಿಗೆ ಪಾಠ ಹೇಳುವವಳು. ಮಕ್ಕಳಿಗಿಂತ ದೊಡ್ಡವರೇ ಜಾಸ್ತಿ ಕೇಳುತ್ತಾರೆ. ಚರ್ಚಿಗೆ ಬರುವವರೂ ಕೇಳುತ್ತಾರೆ, ಚರ್ಚಿನ ಮೆಟ್ಟಿಲು ಹತ್ತದ ಅಕ್ಕಪಕ್ಕದ ಮನೆಯವರೂ ಕೇಳುತ್ತಾರೆ: "ಟೀಚರೇ, ಇದನ್ನ ಎಲ್ಲಿಂದ ಓದಬೇಕು?" ಅವರಿಗೆಲ್ಲ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಇದರಲ್ಲಿ ಒಂದೇ ಒಂದು ಕಟ್ಟುನಿಟ್ಟಿನ ನಿಯಮ ಇದೆ. ಈ ಕಥೆಯನ್ನು ಇಬ್ಬರು ಬೇರೆ ಬೇರೆಯಾಗಿ ಹೇಳಿದ್ದಾರೆ. ಒಬ್ಬನನ್ನು ಪೂರ್ತಿ ಓದಿ ಮುಗಿಸುವ ತನಕ ಇನ್ನೊಬ್ಬನನ್ನು ಮುಟ್ಟಬೇಡಿ.

ಮೊದಲ ಹೆಜ್ಜೆ: ಪುಸ್ತಕ ಹಿಡಿದು ಜಾಗ ಗುರುತು ಮಾಡಿಕೊಳ್ಳಿ

ಯಾವ ಬೈಬಲ್ ಸಿಕ್ಕರೂ ನಡೆಯುತ್ತದೆ. ಪ್ರೊಟೆಸ್ಟೆಂಟರ ಮನೆಯ ಸತ್ಯವೇದದಲ್ಲಿ 66 ಪುಸ್ತಕಗಳಿರುತ್ತವೆ, ಕ್ಯಾಥೊಲಿಕರ ಬೈಬಲ್‌ನಲ್ಲಿ 73. ಆ ವ್ಯತ್ಯಾಸ ಇರುವುದು ಹಳೆಯ ಒಡಂಬಡಿಕೆಯಲ್ಲಿ. ನಮಗೆ ಬೇಕಾದದ್ದು ಹೊಸ ಒಡಂಬಡಿಕೆ, ಅದು ಇಬ್ಬರಿಗೂ 27 ಪುಸ್ತಕವೇ. ಯೇಸುವಿನ ಕಥೆ ಹೇಳುವ ಪುಸ್ತಕಗಳಿಗೆ ಒಂದರಲ್ಲಿ ಸುವಾರ್ತೆ ಅಂತ ಇರುತ್ತದೆ, ಇನ್ನೊಂದರಲ್ಲಿ ಶುಭಸಂದೇಶ. ಒಂದರಲ್ಲಿ ಯೋಸೇಫ, ಇನ್ನೊಂದರಲ್ಲಿ ಜೋಸೆಫ. ಗಾಬರಿ ಬೇಡ, ಮನುಷ್ಯ ಅವನೇ. ಮೊಬೈಲ್ ಆ್ಯಪ್‌ನಲ್ಲೂ ಓದಬಹುದು, ಆದರೆ ಹಿಂದೆ ಮುಂದೆ ತಿರುವಿ ನೋಡುವ ಕೆಲಸ ಇದರಲ್ಲಿ ಜಾಸ್ತಿ ಇರುವುದರಿಂದ ಕಾಗದದ ಪುಸ್ತಕವೇ ವಾಸಿ. ಜೊತೆಗೆ ಒಂದು ಪೆನ್ಸಿಲ್, ಒಂದು ನೋಟ್‌ಬುಕ್.

ಗುರುತು ಹಾಕಿಕೊಳ್ಳಬೇಕಾದ ಜಾಗ ಇಷ್ಟೇ: ಮತ್ತಾಯ 1 ಮತ್ತು 2, ಲೂಕ 1 ಮತ್ತು 2. ನಾಲ್ಕೇ ಅಧ್ಯಾಯ, ಒಟ್ಟು 180 ವಚನ. ಯೇಸುವಿನ ಹುಟ್ಟು, ಬಾಲ್ಯದ ಕಥೆ ಇಡೀ ಬೈಬಲ್‌ನಲ್ಲಿ ಇರುವುದು ಇಷ್ಟರಲ್ಲೇ. ಸುವಾರ್ತೆಗಳು ನಾಲ್ಕು ಇದ್ದರೂ ಮಾರ್ಕ ಹುಟ್ಟಿನ ಸುದ್ದಿಯನ್ನೇ ಎತ್ತುವುದಿಲ್ಲ. ಅವನ ಪುಸ್ತಕ ತೆರೆದರೆ ಯೇಸು ಆಗಲೇ ದೊಡ್ಡವನು, ದೀಕ್ಷಾಸ್ನಾನಕ್ಕೆ ಹೊಳೆಗೆ ಬರುತ್ತಾನೆ. ಯೋಹಾನ ಇನ್ನೂ ಹಿಂದಕ್ಕೆ, ಲೋಕ ಹುಟ್ಟುವುದಕ್ಕೂ ಮೊದಲಿಗೆ ಹೋಗಿಬಿಡುತ್ತಾನೆ. ಮಗು, ತಾಯಿ, ಬೇತ್ಲೆಹೇಮಿನ ಆ ರಾತ್ರಿ, ಇದ್ಯಾವುದೂ ಅಲ್ಲಿಲ್ಲ.

ಬೈಬಲ್ ಓದಿ ರೂಢಿ ಇಲ್ಲದವರಿಗೆ ಒಂದು ಮಾತು. ಮತ್ತಾಯ 2:11 ಅಂತ ಬರೆದಿದ್ದರೆ ಮತ್ತಾಯನ ಪುಸ್ತಕದ 2ನೇ ಅಧ್ಯಾಯ, 11ನೇ ವಚನ ಅಂತ ಅರ್ಥ.

ಎರಡನೇ ಹೆಜ್ಜೆ: ಮತ್ತಾಯನನ್ನು ಒಂದೇ ಪಟ್ಟಿಗೆ ಓದಿ

ತೆಗೆದ ಕೂಡಲೇ ಹೆಸರುಗಳ ಸಾಲು. ಅಬ್ರಹಾಮನಿಂದ ಈಸಾಕ, ಈಸಾಕನಿಂದ ಯಾಕೋಬ, ಹೀಗೇ ಹೋಗುತ್ತದೆ. ಮುಕ್ಕಾಲುವಾಸಿ ಜನ ಇಲ್ಲೇ ಪುಸ್ತಕ ಮುಚ್ಚುತ್ತಾರೆ. ಮುಚ್ಚಬೇಡಿ. ನಮ್ಮ ಕಡೆ ಹಳ್ಳಿಗಳಲ್ಲಿ ಹೆಳವರು ಎತ್ತಿನ ಮೇಲೆ ಕೂತು ಬಂದು ಮನೆ ಮುಂದೆ ನಿಂತು, ಮೂಲಪುರುಷನಿಂದ ಹಿಡಿದು ಇವತ್ತಿನ ಯಜಮಾನನ ತನಕ ವಂಶಾವಳಿ ಹೇಳುತ್ತಾರಲ್ವಾ, ಮತ್ತಾಯ ಮಾಡುತ್ತಿರುವುದು ಅದೇ ಕೆಲಸ. ಈ ಮಗು ಯಾರ ಮನೆತನದ್ದು, ಯಾವ ಹಕ್ಕಿನ ಮೇಲೆ ಇವನನ್ನು ರಾಜ ಅನ್ನಬೇಕು ಅಂತ ಊರ ಮುಂದೆ ಸಾರುತ್ತಿದ್ದಾನೆ. ಹಾಗೆ ಅಂದುಕೊಂಡು ಗಟ್ಟಿಯಾಗಿ ಓದಿ ನೋಡಿ, ಆ ಸಾಲುಗಳಿಗೆ ಒಂದು ಲಯ ಬರುತ್ತದೆ.

ಓದುವಾಗ ಹೆಂಗಸರ ಹೆಸರಿನ ಕೆಳಗೆ ಪೆನ್ಸಿಲ್ ಗೆರೆ ಎಳೆಯಿರಿ. ಗಂಡಸರ ಪಟ್ಟಿಯ ಮಧ್ಯೆ ನಾಲ್ವರು ಹೆಂಗಸರು ಬರುತ್ತಾರೆ, ಕೊನೆಗೆ ಮರಿಯ. ತಾಮಾರಳು ತನಗೆ ಅನ್ಯಾಯ ಮಾಡಿದ ಮಾವನಿಂದಲೇ ಉಪಾಯವಾಗಿ ಮಕ್ಕಳನ್ನು ಪಡೆದವಳು. ರಾಹಾಬಳು ಯೆರಿಕೋ ಊರಿನ ವೇಶ್ಯೆ. ರೂತಳು ಮೋವಾಬ್ ದೇಶದಿಂದ ಬಂದ ವಿಧವೆ. ನಾಲ್ಕನೆಯವಳ ಹೆಸರನ್ನೇ ಹೇಳದೆ ಊರೀಯನ ಹೆಂಡತಿ ಅನ್ನುತ್ತಾನೆ. ದಾವೀದ ರಾಜ ಅವಳ ಗಂಡನನ್ನು ಯುದ್ಧದಲ್ಲಿ ಮುಂದೆ ನಿಲ್ಲಿಸಿ ಸಾಯಿಸಿ ಅವಳನ್ನು ಮದುವೆಯಾದ ಕಥೆಯನ್ನು ಯಾರೂ ಮರೆಯಬಾರದು ಅನ್ನುವ ಹಾಗೆ. ಸಾರಾ, ರೆಬೆಕ್ಕ ಮುಂತಾದ ದೊಡ್ಡ ಹೆಸರುಗಳನ್ನು ಬಿಟ್ಟು ಊರವರು ಮಾತಾಡಿಕೊಳ್ಳುವಂಥ ಹೆಂಗಸರನ್ನೇ ಮತ್ತಾಯ ಆರಿಸಿದ್ದಾನೆ. ಯಾಕೆ ಅಂತ ಅವನು ಹೇಳುವುದಿಲ್ಲ. ಆದರೆ ಅವರ ಹಿಂದೆಯೇ ಮದುವೆಗೆ ಮುಂಚೆ ಗರ್ಭಿಣಿಯಾದ ಮರಿಯ ಬರುತ್ತಾಳೆ. ಪಟ್ಟಿಯ ಜೀವಾಳ ಇಲ್ಲೇ ಇದೆ ಅಂತ ನನ್ನ ಅಭಿಪ್ರಾಯ.

ಮತ್ತಾಯ ಈ ಪಟ್ಟಿಯನ್ನು 14, 14, 14 ತಲೆಮಾರು ಅಂತ ಮೂರು ಭಾಗ ಮಾಡುತ್ತಾನೆ. ಹೀಬ್ರೂ ಅಕ್ಷರಗಳಿಗೆ ಅಂಕಿಯ ಬೆಲೆಯೂ ಉಂಟು, ದಾವೀದ ಅನ್ನುವ ಹೆಸರಿನ ಅಕ್ಷರ ಕೂಡಿಸಿದರೆ 4, 6, 4 ಸೇರಿ 14 ಆಗುತ್ತದೆ. ಈ ಲೆಕ್ಕ ಕೂಡಿಸಲು ಕೆಲವು ರಾಜರನ್ನು ಬಿಟ್ಟಿದ್ದಾನೆ. ಯೋರಾಮನಿಗೂ ಉಜ್ಜೀಯನಿಗೂ ಮಧ್ಯೆ ಮೂವರು ಕಾಣೆ. ಕೊನೆಯ ಭಾಗದಲ್ಲಿ ಎಣಿಸಿದರೆ ಹೆಸರು 13ಕ್ಕೇ ನಿಲ್ಲುತ್ತದೆ. ಇದನ್ನು ಹಿಡಿದು ಜಗಳಕ್ಕೆ ನಿಲ್ಲುವವರೂ ಇದ್ದಾರೆ. ಸುಮ್ನೆ ಗಮನಿಸಿ ಮುಂದೆ ಹೋಗಿ. ಅವನು ಜನನ ಪ್ರಮಾಣಪತ್ರ ಬರೆಯುತ್ತಿಲ್ಲ ಅನ್ನುವುದು ಗೊತ್ತಾದರೆ ಸಾಕು.

ಮುಂದಿನದ್ದು ಯೋಸೇಫನ ಕಥೆ. ಆ ಕಾಲದ ಯೆಹೂದ್ಯರಲ್ಲಿ ನಿಶ್ಚಿತಾರ್ಥ ಆಯಿತು ಅಂದರೆ ಕಾನೂನಿನ ಪ್ರಕಾರ ಗಂಡ ಹೆಂಡತಿಯೇ. ಒಟ್ಟಿಗೆ ಸಂಸಾರ ಹೂಡುವುದು ಆಮೇಲೆ. ಬಿಡಬೇಕಾದರೆ ತ್ಯಾಗಪತ್ರ ಕೊಡಲೇಬೇಕು. ಇದು ಗೊತ್ತಿದ್ದರೆ ಯೋಸೇಫನ ಸಂಕಟ ತಿಳಿಯುತ್ತದೆ. ಅವನು ನೀತಿವಂತ, ಆದರೂ ಅವಳ ಮಾನ ಕಳೆಯಲು ಮನಸ್ಸಿಲ್ಲ, ಗುಟ್ಟಾಗಿ ಬಿಡೋಣ ಅಂದುಕೊಂಡಿದ್ದಾನೆ. ಆಗ ಕನಸಿನಲ್ಲಿ ದೇವದೂತ ಬರುತ್ತಾನೆ. ಮತ್ತಾಯನಲ್ಲಿ ಕನಸುಗಳನ್ನು ಎಣಿಸಿ: ಯೋಸೇಫನಿಗೆ ನಾಲ್ಕು, ನಾಟಕದಲ್ಲಿ ರಾಜರಾಗಿ ಬರುವ ಜೋಯಿಸರಿಗೆ ಒಂದು. ಪ್ರತಿ ಸಲ ಯೋಸೇಫ ಎದ್ದು ಹೇಳಿದಷ್ಟು ಮಾಡುತ್ತಾನೆ. ಒಂದು ಮಾತೂ ಆಡುವುದಿಲ್ಲ. ಮತ್ತಾಯನಲ್ಲೂ ಇಲ್ಲ, ಲೂಕನಲ್ಲೂ ಇಲ್ಲ. ನಾಟಕದಲ್ಲಿ ಯೋಸೇಫನ ಪಾತ್ರ ಸಿಕ್ಕ ಹುಡುಗ ಡೈಲಾಗ್ ಕಮ್ಮಿ ಅಂತ ಮುಖ ಊದಿಸಿದರೆ ಇದನ್ನು ಹೇಳಿ.

2ನೇ ಅಧ್ಯಾಯ ರೋಮಿನವರ ಕೈಕೆಳಗೆ ಯೆಹೂದ್ಯರನ್ನು ಆಳುತ್ತಿದ್ದ ರಾಜ ಹೆರೋದನದ್ದು. ಮೂಡಣ ದೇಶದಿಂದ ಜೋಯಿಸರು ಬಂದು, ಹುಟ್ಟಿರುವ ಯೆಹೂದ್ಯರ ಅರಸ ಎಲ್ಲಿ ಅಂತ ಹೆರೋದನ ರಾಜಧಾನಿಯಲ್ಲೇ ಕೇಳುತ್ತಾರೆ! ಹೆರೋದ ಕರೆಸಿದ ಯಾಜಕರು, ಶಾಸ್ತ್ರಿಗಳು ಮೀಕ ಪ್ರವಾದಿಯ ಪುಸ್ತಕ ತೆಗೆದು ಬೇತ್ಲೆಹೇಮ್ ಅಂತ ಕೂಡಲೇ ಉತ್ತರ ಕೊಡುತ್ತಾರೆ. ಯೆರೂಸಲೇಮಿನಿಂದ ಬೇತ್ಲೆಹೇಮಿಗೆ ಹತ್ತು ಕಿಲೋಮೀಟರೂ ಇಲ್ಲ, ದಾವಣಗೆರೆಯಿಂದ ಹರಿಹರಕ್ಕೆ ಹೋಗುವುದಕ್ಕಿಂತ ಕಮ್ಮಿ. ಉತ್ತರ ಗೊತ್ತಿದ್ದ ಒಬ್ಬ ಶಾಸ್ತ್ರಿಯೂ ಅಲ್ಲಿಗೆ ಹೋಗುವುದಿಲ್ಲ. ಹೋದವರು ಪರದೇಶದವರು, ನಕ್ಷತ್ರ ನೋಡುವವರು. ಮತ್ತಾಯ ಇದನ್ನು ಬಿಡಿಸಿ ಹೇಳುವುದಿಲ್ಲ, ಓದುವವರೇ ಹಿಡಿಯಬೇಕು.

ಅವರು ಮಗುವನ್ನು ಕಂಡದ್ದು ಮನೆಯಲ್ಲಿ, 2:11 ನೋಡಿ. ಕೊಟ್ಟದ್ದು ಚಿನ್ನ, ಧೂಪ, ರಕ್ತಬೋಳ. ಕೊನೆಯದು ಒಂದು ಮರದ ಅಂಟು, ಹೆಣಕ್ಕೆ ಲೇಪಿಸಲೂ ಬಳಸುತ್ತಿದ್ದರು. ಯೇಸುವನ್ನು ಸಮಾಧಿ ಮಾಡುವಾಗ ಅದು ಮತ್ತೆ ಬರುತ್ತದೆ (ಯೋಹಾನ 19:39). ಆಮೇಲೆ ಮಗುವನ್ನು ಎತ್ತಿಕೊಂಡು ರಾತ್ರೋರಾತ್ರಿ ಐಗುಪ್ತಕ್ಕೆ, ಅಂದರೆ ಈಜಿಪ್ಟಿಗೆ ಓಡುವುದು. ಬೇತ್ಲೆಹೇಮಿನಲ್ಲಿ ಎರಡು ವರ್ಷದೊಳಗಿನ ಗಂಡುಮಕ್ಕಳ ಕೊಲೆ. ಹೆರೋದ ಸತ್ತ ಮೇಲೆ ವಾಪಸ್. ಅವನ ಮಗ ಅರ್ಖೆಲಾಯ ಪಟ್ಟಕ್ಕೆ ಬಂದಿದ್ದಾನೆ ಅಂತ ಹೆದರಿ ದೂರದ ನಜರೇತಿನಲ್ಲಿ ನೆಲೆ.

ಇಲ್ಲಿ ನಮ್ಮವರಿಗೆಲ್ಲ ತಟ್ಟನೆ ಕಂಸನ ನೆನಪಾಗುತ್ತದೆ. ಆಗಲಿ, ತಪ್ಪಿಲ್ಲ. ಆದರೆ ಮತ್ತಾಯನ ಮನಸ್ಸಿನಲ್ಲಿದ್ದವನು ಐಗುಪ್ತದ ಅರಸ ಫರೋಹ. ಹಳೆಯ ಒಡಂಬಡಿಕೆಯ ವಿಮೋಚನಕಾಂಡದ 1 ಮತ್ತು 2ನೇ ಅಧ್ಯಾಯ ಓದಿ. ಇಬ್ರಿಯರ, ಅಂದರೆ ಇಸ್ರಾಯೇಲ್ ಜನರ, ಗಂಡುಕೂಸುಗಳನ್ನು ನದಿಗೆ ಎಸೆಯಿರಿ ಅಂತ ಫರೋಹನ ಅಪ್ಪಣೆ, ಅದರಿಂದ ತಪ್ಪಿಸಿಕೊಂಡ ಕೂಸೇ ಮುಂದೆ ಆ ಜನರನ್ನು ಐಗುಪ್ತದಿಂದ ಬಿಡಿಸಿದ ಮೋಶೆ. ಮತ್ತಾಯ ಬರೆಯುತ್ತಿದ್ದದ್ದು ಆ ಕಥೆ ಬಾಯಿಪಾಠ ಇದ್ದ ಜನರಿಗೆ. ಮೊದಲು ಮೋಶೆಯ ಜೊತೆ ಇಟ್ಟು ಓದಿ, ಆಮೇಲೆ ಬೇಕಾದರೆ ಕೃಷ್ಣನ ಜೊತೆ.

ಇನ್ನೊಂದು ಕೆಲಸ. ಪ್ರವಾದಿ ಹೇಳಿದ ಮಾತು ನೆರವೇರಿತು ಅನ್ನುವ ಧಾಟಿಯ ವಾಕ್ಯ ಮತ್ತಾಯನಲ್ಲಿ ಪದೇ ಪದೇ ಬರುತ್ತದೆ. ಪುಟದ ಅಡಿಯಲ್ಲಿ ಹಳೆಯ ಒಡಂಬಡಿಕೆಯ ಜಾಗ ಕೊಟ್ಟಿರುತ್ತಾರೆ: ಯೆಶಾಯ 7:14, ಮೀಕ 5:2, ಹೋಶೇಯ 11:1, ಯೆರೆಮೀಯ 31:15. ಒಂದೊಂದಾಗಿ ತೆಗೆದು ಅಲ್ಲಿನ ಹಿಂದು ಮುಂದಿನ ನಾಲ್ಕು ಸಾಲನ್ನೂ ಓದಿ. ಹೋಶೇಯನಲ್ಲಿ ಐಗುಪ್ತದಿಂದ ಕರೆಸಿಕೊಂಡ ಮಗ ಅಂದರೆ ಇಡೀ ಇಸ್ರಾಯೇಲ್ ಜನ. ಮತ್ತಾಯ ಅದನ್ನು ಒಂದು ಮಗುವಿನ ಮೇಲೆ ಇಡುತ್ತಾನೆ. ಇಡೀ ಜನಾಂಗದ ಕಥೆ ಈ ಮಗುವಿನಲ್ಲಿ ಮತ್ತೆ ನಡೆಯುತ್ತಿದೆ ಅನ್ನುವುದು ಅವನ ನಂಬಿಕೆ. ಕೊನೆಯದನ್ನು, ನಜರೇತಿನವನು ಅನ್ನಿಸಿಕೊಳ್ಳುವನು ಅನ್ನುವುದನ್ನು, ಹುಡುಕಬೇಡಿ. ಆ ಮಾತು ಅದೇ ರೂಪದಲ್ಲಿ ಹಳೆಯ ಒಡಂಬಡಿಕೆಯಲ್ಲಿ ಎಲ್ಲೂ ಇಲ್ಲ, ಪಂಡಿತರು ಇವತ್ತಿಗೂ ಅದರ ಮೇಲೆ ಬರೆಯುತ್ತಲೇ ಇದ್ದಾರೆ.

ಮೂರನೇ ಹೆಜ್ಜೆ: ಒಂದೆರಡು ದಿನ ಬಿಟ್ಟು ಲೂಕ

ಬಿಡುವು ಕೊಡಿ ಅಂತ ಹೇಳುವುದಕ್ಕೆ ಕಾರಣ ಇದೆ. ಲೂಕನ ಗಾಳಿಯೇ ಬೇರೆ. ಮತ್ತಾಯನಲ್ಲಿ ಭಯ, ಓಟ, ರಾಜಕೀಯ. ಲೂಕನಲ್ಲಿ ಹಾಡು, ದೇವಾಲಯ, ಮುದುಕರು, ಬಸುರಿಯರು. ಒಂದೇ ಕೂತಲ್ಲಿ ಎರಡೂ ಓದಿದರೆ ಒಂದರ ರುಚಿ ಇನ್ನೊಂದಕ್ಕೆ ಅಂಟಿಕೊಳ್ಳುತ್ತದೆ.

ಲೂಕ ಮೊದಲ ನಾಲ್ಕು ವಚನದಲ್ಲೇ ತನ್ನ ಕೆಲಸ ಹೇಳಿಬಿಡುತ್ತಾನೆ. ಥೆಯೊಫಿಲ ಅನ್ನುವವನಿಗೆ ಬರೆಯುತ್ತಿದ್ದೇನೆ, ಬೇರೆಯವರೂ ಬರೆದಿದ್ದಾರೆ, ನಾನು ಮೊದಲಿನಿಂದ ವಿಚಾರಿಸಿ ಕ್ರಮವಾಗಿ ಬರೆಯುತ್ತೇನೆ ಅಂತ. ಅಂದರೆ ತಾನೇ ಕಣ್ಣಾರೆ ಕಂಡೆ ಅನ್ನುವುದಿಲ್ಲ.

ಅವನ ಕಥೆ ಶುರುವಾಗುವುದು ಮಕ್ಕಳಿಲ್ಲದ ವಯಸ್ಸಾದ ದಂಪತಿಯಿಂದ, ಯಾಜಕ ಜಕರೀಯ ಮತ್ತು ಎಲಿಸಬೇತ. ಇಲ್ಲಿ ನೋಟ್‌ಬುಕ್ ತೆಗೆಯಿರಿ. ಲೂಕ ಎರಡು ಹುಟ್ಟುಗಳನ್ನು ಎದುರು ಬದುರು ಇಟ್ಟು ಹೇಳುತ್ತಾನೆ, ಈ ದಂಪತಿಯ ಮಗ ಯೋಹಾನನದು (ಸುವಾರ್ತೆಯ ಯೋಹಾನ ಬೇರೆ), ಯೇಸುವಿನದು. ಗಬ್ರಿಯೇಲ ದೂತ ಇಬ್ಬರಿಗೂ ಸುದ್ದಿ ತರುತ್ತಾನೆ. ಒಂದು ಕಡೆ ಯೆರೂಸಲೇಮಿನ ದೇವಾಲಯದೊಳಗೆ ಧೂಪ ಹಾಕುತ್ತಿದ್ದ ಯಾಜಕನಿಗೆ, ಇನ್ನೊಂದು ಕಡೆ ನಜರೇತ್ ಅನ್ನುವ ಸಣ್ಣ ಊರಿನ ಹುಡುಗಿಗೆ. ಇಬ್ಬರೂ ಪ್ರಶ್ನೆ ಕೇಳುತ್ತಾರೆ. ಜಕರೀಯನ ಬಾಯಿ ಕಟ್ಟಿಹೋಗುತ್ತದೆ, ಮರಿಯಳಿಗೆ ಉತ್ತರ ಸಿಗುತ್ತದೆ. ಇದ್ಯಾವ ನ್ಯಾಯ ಅಂತ ಮಕ್ಕಳು ಕೇಳೇ ಕೇಳುತ್ತಾರೆ. 1:18 ಮತ್ತು 1:34 ಪಕ್ಕಪಕ್ಕ ಬರೆದುಕೊಂಡು ನೋಡಿ. ಅವನು ನಂಬುವುದಕ್ಕೆ ಗುರುತು ಕೇಳುತ್ತಾನೆ, ಅವಳು ಇದು ಆಗುವುದು ಹೇಗೆ ಅಂತ ಕೇಳುತ್ತಾಳೆ. ಯಾಜಕನಾಗಿಯೇ ಜೀವ ಸವೆಸಿದವನಿಗೆ ನಂಬಿಕೆ ಬರಲಿಲ್ಲ, ಹಳ್ಳಿ ಹುಡುಗಿಗೆ ಬಂತು ಅನ್ನುವುದು ಲೂಕನ ಮೊನೆ.

ಮರಿಯ ಯೆಹೂದದ ಬೆಟ್ಟದ ಸೀಮೆಗೆ ಎಲಿಸಬೇತಳ ಮನೆಗೆ ಹೋಗುತ್ತಾಳೆ. ಸುಮಾರು ಮೂರು ತಿಂಗಳು ಇರುತ್ತಾಳೆ. ಅಲ್ಲಿ ಅವಳು ಹಾಡುವ ಹಾಡು 1:46ರಿಂದ 55. ಇದನ್ನು ಅವಸರದಲ್ಲಿ ಓದಬೇಡಿ. ಗೋದಲಿ ಪಕ್ಕ ಕೈಮುಗಿದು ಕೂತ ಬೊಂಬೆಯ ಮರಿಯಳನ್ನೇ ನೋಡಿ ಬೆಳೆದವರಿಗೆ ಇದು ಆಶ್ಚರ್ಯ. ದೊಡ್ಡ ಗದ್ದಿಗೆ ಮೇಲೆ ಕೂತವರನ್ನು ದೇವರು ಕೆಳಗಿಳಿಸಿದ, ದೀನರನ್ನು ಮೇಲಕ್ಕೆತ್ತಿದ, ಹಸಿದವರ ಹೊಟ್ಟೆ ತುಂಬಿಸಿದ, ಶ್ರೀಮಂತರನ್ನು ಬರಿಗೈಯಲ್ಲಿ ಕಳಿಸಿದ ಅನ್ನುತ್ತಾಳೆ. ಇದರ ಜೊತೆಗೆ 1 ಸಮುವೇಲ 2ನೇ ಅಧ್ಯಾಯದ ಹನ್ನಳ ಹಾಡು ಓದಿ. ಬಂಜೆ ಅನ್ನಿಸಿಕೊಂಡು ನೊಂದು ಕೊನೆಗೆ ಮಗ ಸಮುವೇಲನನ್ನು ಪಡೆದವಳ ಹಾಡು ಅದು. ಅದೇ ಧಾಟಿ, ಅದೇ ಮಾತಿನ ತಿರುವು.

ಯೋಹಾನ ಹುಟ್ಟಿದಾಗ ನೆಂಟರೆಲ್ಲ ಅಪ್ಪನ ಹೆಸರನ್ನೇ ಇಡೋಣ ಅಂತ ಹಟ ಹಿಡಿಯುತ್ತಾರೆ. ತಾಯಿ ಬೇಡ ಅಂದರೂ ಕೇಳದೆ ಜಕರೀಯನಿಗೆ ಸನ್ನೆ ಮಾಡಿ ಕೇಳುತ್ತಾರೆ. ಮಾತು ನಿಂತವನಿಗೆ ಸನ್ನೆ ಯಾಕೆ, ಕಿವಿಯೂ ಕೇಳುತ್ತಿರಲಿಲ್ಲವೇನೋ! ಅವನು ಹಲಗೆ ತರಿಸಿ ಯೋಹಾನ ಅಂತ ಬರೆದ ಕೂಡಲೇ ಬಾಯಿ ಬಿಡುತ್ತದೆ.

2ನೇ ಅಧ್ಯಾಯ. ರೋಮಿನ ಚಕ್ರವರ್ತಿ ಔಗುಸ್ತನ ಹೆಸರಿನಿಂದ ಶುರು. ಖಾನೇಷುಮಾರಿ ಮಾಡಿಸಿ ಅಂತ ಅವನ ಅಪ್ಪಣೆ, ಅದರಿಂದ ಯೋಸೇಫ ಮರಿಯ ನಜರೇತಿನಿಂದ ಬೇತ್ಲೆಹೇಮಿಗೆ ಬರಬೇಕಾಗುತ್ತದೆ. ಹೆರಿಗೆ ಆಗುತ್ತದೆ. ಬಟ್ಟೆಯಲ್ಲಿ ಸುತ್ತಿ ಗೋದಲಿಯಲ್ಲಿ ಮಲಗಿಸುತ್ತಾಳೆ. ಹುಟ್ಟಿನ ವಿಷಯ ಒಂದೇ ವಚನ, 2:7. ಕೊಟ್ಟಿಗೆ ಅಂತ ಲೂಕ ಬರೆದೇ ಇಲ್ಲ, ಆ ಕಾಲದ ಬಡವರ ಮನೆಗಳಲ್ಲಿ ಪ್ರಾಣಿ ಕಟ್ಟುವ ಜಾಗ ಎಷ್ಟೋ ಸಲ ಮನೆಯೊಳಗೇ ಇರುತ್ತಿತ್ತು.

ಸುದ್ದಿ ಮೊದಲು ಹೋಗುವುದು ಬಯಲಲ್ಲಿ ರಾತ್ರಿ ಕುರಿ ಕಾಯುತ್ತಿದ್ದವರಿಗೆ. ದೂತ ಅವರಿಗೆ ನಿಮಗೋಸ್ಕರ ರಕ್ಷಕ ಹುಟ್ಟಿದ್ದಾನೆ ಅನ್ನುತ್ತಾನೆ. ಇದರ ಖಾರ ಗೊತ್ತಾಗಬೇಕಾದರೆ ಔಗುಸ್ತನನ್ನು ನೆನಪಿಡಿ. ಈಗಿನ ಟರ್ಕಿಯಲ್ಲಿರುವ ಪ್ರಿಯೇನೆಯಲ್ಲಿ ಸಿಕ್ಕ ಕ್ರಿ.ಪೂ. 9ರ ಶಾಸನದಲ್ಲಿ ಔಗುಸ್ತನನ್ನೇ ರಕ್ಷಕ ಅಂದಿದ್ದಾರೆ, ಅವನ ಹುಟ್ಟಿದ ದಿನವನ್ನು ಲೋಕಕ್ಕೆ ಶುಭಸುದ್ದಿ ಅಂತ ಕೆತ್ತಿಸಿದ್ದಾರೆ. ಆ ಕಾಲದಲ್ಲಿ ಲೂಕ ಅದೇ ಮಾತುಗಳನ್ನು ಗೋದಲಿಯಲ್ಲಿ ಮಲಗಿದ ಕೂಸಿಗೆ ಕೊಡುತ್ತಾನೆ, ಅದೂ ಕುರಿ ಕಾಯುವವರ ಎದುರಿಗೆ. ಚಳ್ಳಕೆರೆ, ಹಿರಿಯೂರು ಕಡೆ ಕುರಿ ಹೊಡೆದುಕೊಂಡು ಹೊಲದಲ್ಲೇ ರಾತ್ರಿ ಕಳೆಯುವವರ ಮಕ್ಕಳು ನನ್ನ ತರಗತಿಗೆ ಬಂದರೆ ಈ ಭಾಗವನ್ನು ಅವರ ಕೈಯಲ್ಲೇ ಓದಿಸುತ್ತೇನೆ.

ನಾಟಕದವರು ಬಿಟ್ಟುಬಿಡುವ ಭಾಗ ಇದರ ಮುಂದೆ ಇದೆ. ಎಂಟನೇ ದಿನ ಸುನ್ನತಿ, ನಾಮಕರಣ. ಆಮೇಲೆ ಬಾಣಂತಿಯ ಶುದ್ಧಿಯ ದಿನ ಮುಗಿದು ಯೆರೂಸಲೇಮಿನ ದೇವಾಲಯಕ್ಕೆ. ಅಲ್ಲಿ ಅವರು ಕೊಡುವ ಕಾಣಿಕೆ ಒಂದು ಜೋಡಿ ಹಕ್ಕಿ. ಯಾಜಕಕಾಂಡ 12:8 ತೆಗೆಯಿರಿ: ಕುರಿಮರಿ ಕೊಡಬೇಕು, ಅದಕ್ಕೆ ಶಕ್ತಿ ಇಲ್ಲದವರು ಎರಡು ಹಕ್ಕಿ ಕೊಡಬಹುದು ಅಂತಿದೆ. ಬಡವರು ಅಂತ ಲೂಕ ಎಲ್ಲೂ ಬರೆಯದೆ ಹಕ್ಕಿಯಲ್ಲೇ ಹೇಳಿಬಿಟ್ಟ. ಅಲ್ಲಿ ಸಿಮೆಯೋನ ಅನ್ನುವ ಭಕ್ತ ಮಗುವನ್ನು ತೋಳಲ್ಲಿ ಎತ್ತಿಕೊಂಡು, ಇನ್ನು ನಾನು ಸಮಾಧಾನವಾಗಿ ಹೋಗಬಹುದು ಅನ್ನುತ್ತಾನೆ. ತಾಯಿಗೆ ಮಾತ್ರ ನಿನ್ನ ಪ್ರಾಣಕ್ಕೂ ಅಲಗು ನಾಟುತ್ತದೆ ಅಂತ ಹೇಳುತ್ತಾನೆ. ಅನ್ನ ಅನ್ನುವ ಮುದುಕಿ ಬಂದು ಎಲ್ಲರಿಗೂ ಸುದ್ದಿ ಹಂಚುತ್ತಾಳೆ.

ಬಾಲ್ಯದ್ದು ಅಂತ ಸಿಗುವುದು ಒಂದೇ ಪ್ರಸಂಗ, 2:41ರಿಂದ. ಹುಡುಗನಿಗೆ 12 ವರ್ಷ. ಪಸ್ಕ ಹಬ್ಬಕ್ಕೆ ಯೆರೂಸಲೇಮಿಗೆ ಹೋದವರು ವಾಪಸ್ ಹೊರಡುತ್ತಾರೆ. ಗುಂಪಿನಲ್ಲಿ ನೆಂಟರ ಜೊತೆ ಇರಬೇಕು ಅಂದುಕೊಂಡು ಒಂದು ದಿನದ ದಾರಿ ನಡೆದ ಮೇಲೆ ಮಗ ಇಲ್ಲ ಅಂತ ಗೊತ್ತಾಗುತ್ತದೆ. ಜಾತ್ರೆಯಲ್ಲಿ ಮಗು ತಪ್ಪಿಸಿಕೊಂಡ ತಾಯಿಗೆ ಇದರ ವಿವರಣೆ ಬೇಕಿಲ್ಲ. ಮೂರು ದಿನದ ಮೇಲೆ ದೇವಾಲಯದಲ್ಲಿ ಬೋಧಕರ ನಡುವೆ ಕೂತು ಕೇಳುತ್ತಾ, ಪ್ರಶ್ನೆ ಹಾಕುತ್ತಾ ಇದ್ದಾನೆ. ತಾಯಿ ಗದರುತ್ತಾಳೆ. ಅವನು ಕೊಡುವ ಉತ್ತರ, ನಾನು ನನ್ನ ತಂದೆಯ ಮನೆಯಲ್ಲಿ ಇರಬೇಕಲ್ಲವೇ ಅನ್ನುವುದು, ಈ ಸುವಾರ್ತೆಯಲ್ಲಿ ಯೇಸು ಆಡುವ ಮೊದಲ ಮಾತು. ತಂದೆತಾಯಿಗೆ ಅದು ಅರ್ಥವಾಗಲಿಲ್ಲ ಅಂತ ಲೂಕ ಮುಚ್ಚುಮರೆ ಇಲ್ಲದೆ ಬರೆಯುತ್ತಾನೆ. ನಿಮಗೂ ಪೂರ್ತಿ ಅರ್ಥವಾಗದಿದ್ದರೆ ಬೇಸರ ಬೇಡ.

ನಾಲ್ಕನೇ ಹೆಜ್ಜೆ: ಈಗ ಎರಡನ್ನೂ ಪಕ್ಕದಲ್ಲಿಡಿ

ನೋಟ್‌ಬುಕ್ ಹಾಳೆಯ ಮಧ್ಯೆ ಗೆರೆ ಎಳೆದು ಎಡಕ್ಕೆ ಮತ್ತಾಯ, ಬಲಕ್ಕೆ ಲೂಕ. ಪುಸ್ತಕ ಮುಚ್ಚಿ ನೆನಪಿನಿಂದ ಬರೆಯಿರಿ, ಆಮೇಲೆ ತಿದ್ದಿಕೊಳ್ಳಿ. ಇಬ್ಬರೂ ಒಪ್ಪುವುದು ಏನು? ಮರಿಯ, ಯೋಸೇಫ, ಪವಿತ್ರಾತ್ಮನಿಂದ ಗರ್ಭ, ದಾವೀದನ ಮನೆತನ, ಹೆರೋದನ ಕಾಲ, ಬೇತ್ಲೆಹೇಮಿನಲ್ಲಿ ಹುಟ್ಟು, ನಜರೇತಿನಲ್ಲಿ ಬೆಳೆದದ್ದು, ಹೆಸರನ್ನು ದೂತನೇ ಹೇಳಿದ್ದು. ಉಳಿದದ್ದೆಲ್ಲ ಬೇರೆ ಬೇರೆ. ಲೂಕನಲ್ಲಿ ನಜರೇತ್ ಅವರ ಊರು, ಬೇತ್ಲೆಹೇಮಿಗೆ ಬಂದದ್ದು ಕೆಲಸದ ಮೇಲೆ. ಮತ್ತಾಯನಲ್ಲಿ ಕಥೆ ಬೇತ್ಲೆಹೇಮಿನಲ್ಲೇ ಇದೆ, ನಜರೇತಿಗೆ ಹೋಗುವುದು ಕೊನೆಗೆ. ಲೂಕ ಐಗುಪ್ತದ ಸುದ್ದಿಯೇ ಎತ್ತುವುದಿಲ್ಲ. ಲೂಕನಲ್ಲೂ ವಂಶಾವಳಿ ಇದೆ, 3ನೇ ಅಧ್ಯಾಯದಲ್ಲಿ. ಅದು ಹಿಂದಕ್ಕೆ ನಡೆದು ಆದಾಮನ ತನಕ ಹೋಗುತ್ತದೆ, ಯೋಸೇಫನ ಅಪ್ಪನ ಹೆಸರೂ ಬೇರೆ. ಒಬ್ಬ ಹಡೆದ ಅಪ್ಪ, ಇನ್ನೊಬ್ಬ ಕಾನೂನಿನ ಅಪ್ಪ ಅಂತ ಹಳೆಯ ಕಾಲದಿಂದ ಒಂದು ವಿವರಣೆ ಇದೆ. ಒಂದು ಮರಿಯಳ ಕಡೆಯ ವಂಶ ಅಂತ ಇನ್ನೊಂದು.

ಹೊಂದಿಸಿ ಓದುವವರು ಕುರುಬರು ಹುಟ್ಟಿದ ರಾತ್ರಿ ಬಂದರು, ಜೋಯಿಸರು ತಿಂಗಳುಗಳ ಮೇಲೆ ಬಂದರು ಅನ್ನುತ್ತಾರೆ. ಚಿನ್ನ ಕೈಗೆ ಬಂದಿದ್ದರೆ ಹಕ್ಕಿ ಯಾಕೆ ಕೊಡುತ್ತಿದ್ದರು ಅನ್ನುವ ಪ್ರಶ್ನೆಗೂ ಅದರಲ್ಲಿ ಉತ್ತರ ಸಿಗುತ್ತದೆ. ಹಾಗೆ ಹೊಂದಿಸುವುದು ನಿಮಗೆ ಬಿಟ್ಟದ್ದು. ನನಗೆ ಕೇಳಿದರೆ ಎರಡನ್ನೂ ಬಿಡಿಬಿಡಿಯಾಗಿ ಇಟ್ಟುಕೊಂಡಾಗಲೇ ಜಾಸ್ತಿ ಸಿಗುತ್ತದೆ.

ಅದೇ ಹಾಳೆಯ ಕೆಳಗೆ ಇನ್ನೊಂದು ಪಟ್ಟಿ ಮಾಡಿ: ನಾಟಕದಲ್ಲಿ ಇರುವುದು, ಪುಸ್ತಕದಲ್ಲಿ ಇಲ್ಲದ್ದು. ಜೋಯಿಸರು ಮೂವರು ಅಂತ ಮತ್ತಾಯ ಬರೆದಿಲ್ಲ, ಕಾಣಿಕೆ ಮೂರು ಅಷ್ಟೇ. ರಾಜರು ಅಂತಲೂ ಇಲ್ಲ. ಮರಿಯ ಕತ್ತೆ ಏರಿ ಬಂದಳು ಅಂತಿಲ್ಲ. ಗೋದಲಿ ಪಕ್ಕದ ಎತ್ತು, ಕತ್ತೆ ಯೆಶಾಯ 1:3ರಿಂದ ಹುಟ್ಟಿದ ಕಲ್ಪನೆ. ಗೋದಲಿಯನ್ನು ಕಟ್ಟಿ ತೋರಿಸುವ ಪದ್ಧತಿಗೆ ಹೆಸರು ತಂದದ್ದು ಅಸ್ಸಿಸಿಯ ಫ್ರಾನ್ಸಿಸ್, 1223ರಲ್ಲಿ ಇಟಲಿಯ ಗ್ರೆಚ್ಚೊ ಊರಿನಲ್ಲಿ. ಡಿಸೆಂಬರ್ 25 ಕೂಡ ಬೈಬಲ್‌ನಲ್ಲಿ ಇಲ್ಲ, ಅದು ಸಿಗುವುದು 4ನೇ ಶತಮಾನದ ರೋಮಿನ ಪಟ್ಟಿಯೊಂದರಲ್ಲಿ. ಹಾಗಂತ ಮನೆಯ ಗೋದಲಿಯಿಂದ ಎತ್ತಿನ ಬೊಂಬೆ ಎತ್ತಿಡಬೇಕಿಲ್ಲ, ಯಾವುದು ಎಲ್ಲಿಂದ ಬಂತು ಅಂತ ಗೊತ್ತಿದ್ದರೆ ಸಾಕು.

ಐದನೇ ಹೆಜ್ಜೆ: ಇಸವಿಯ ತೊಡಕು

ಇದು ಬೇಗ ಮುಗಿಸೋಣ. ಇತಿಹಾಸಕಾರರಲ್ಲಿ ಹೆಚ್ಚಿನವರು ಹೆರೋದ ಸತ್ತದ್ದು ಕ್ರಿ.ಪೂ. 4ರಲ್ಲಿ ಅನ್ನುತ್ತಾರೆ. ಯೇಸು ಹುಟ್ಟಿದ್ದು ಅವನ ಕಾಲದಲ್ಲಿ. ಅಂದರೆ ಕ್ರಿಸ್ತ ಹುಟ್ಟಿದ್ದು ಕ್ರಿಸ್ತಪೂರ್ವದಲ್ಲಿ! 6ನೇ ಶತಮಾನದಲ್ಲಿ ಡಯೊನೀಸಿಯಸ್ ಅನ್ನುವ ಸನ್ಯಾಸಿ ಇಸವಿ ಎಣಿಸಲು ಶುರು ಮಾಡಿದಾಗ ಲೆಕ್ಕ ಕೆಲವು ವರ್ಷ ಜಾರಿತು. ಇನ್ನೊಂದು ತೊಡಕು ಲೂಕ 2:2ರ ಕುರೇನ್ಯ. ಅವನು ಸಿರಿಯಕ್ಕೆ ಅಧಿಪತಿಯಾಗಿದ್ದಾಗ ನಡೆಸಿದ ಖಾನೇಷುಮಾರಿ ಕ್ರಿ.ಶ. 6ರದ್ದು ಅಂತ ಯೆಹೂದಿ ಇತಿಹಾಸಕಾರ ಜೋಸೆಫಸ್ ಬರೆಯುತ್ತಾನೆ, ಅಲ್ಲಿಗೆ ಹೆರೋದ ಸತ್ತು ಸುಮಾರು ಒಂಬತ್ತು ವರ್ಷ ಆಗಿತ್ತು. ಅದಕ್ಕೂ ಮೊದಲು ಇನ್ನೊಂದು ಎಣಿಕೆ ಆಗಿತ್ತು ಅಂತ ಕೆಲವರು, ಲೂಕ ಇಸವಿಯಲ್ಲಿ ತಪ್ಪಿದ ಅಂತ ಇನ್ನು ಕೆಲವರು. ಬೇತ್ಲೆಹೇಮಿನ ಮಕ್ಕಳ ಕೊಲೆಯನ್ನು ಜೋಸೆಫಸ್ ಬರೆದಿಲ್ಲ. ಆದರೆ ಹೆರೋದ ತನ್ನ ಹೆಂಡತಿ ಮರಿಯಮ್ಮೆಯನ್ನೂ ಮೂವರು ಗಂಡುಮಕ್ಕಳನ್ನೂ ಕೊಲ್ಲಿಸಿದ್ದನ್ನು ಅವನೇ ಬರೆದಿದ್ದಾನೆ.

ಆರನೇ ಹೆಜ್ಜೆ: ಹೊರಗಿನ ಕಥೆಗಳನ್ನು ಹೊರಗೇ ಇಟ್ಟು ಓದಿ

ಸೆಪ್ಟೆಂಬರ್ 8ಕ್ಕೆ ಹರಿಹರದ ಆರೋಗ್ಯಮಾತೆ ಬಸಿಲಿಕಾದ ಹಬ್ಬಕ್ಕೆ ಹೋದವರು ನಮ್ಮಲ್ಲಿ ಬಹಳ ಜನ. ಎಲ್ಲ ಜಾತಿ ಧರ್ಮದವರೂ ಮೇಣದಬತ್ತಿ ಹಿಡಿದು ನಿಂತಿರುತ್ತಾರೆ. ಆ ದಿನ ಮರಿಯಮ್ಮನವರು ಹುಟ್ಟಿದ ಹಬ್ಬ. ಅವರ ಹುಟ್ಟು ಬೈಬಲ್‌ನಲ್ಲಿ ಎಲ್ಲಿದೆ ಅಂತ ಹುಡುಕಿದರೆ ಸಿಗುವುದಿಲ್ಲ. ತಂದೆ ಯೊವಾಕಿಮ್, ತಾಯಿ ಅನ್ನ, ಮೂರು ವರ್ಷದ ಮಗುವನ್ನು ದೇವಾಲಯಕ್ಕೆ ಒಪ್ಪಿಸಿದ್ದು, ಯೋಸೇಫ ವಯಸ್ಸಾದವನು ಅನ್ನುವುದು, ಗುಹೆಯಲ್ಲಿ ಹೆರಿಗೆ, ಇವೆಲ್ಲ ಯಾಕೋಬನ ಹೆಸರಿನಲ್ಲಿರುವ 2ನೇ ಶತಮಾನದ ಒಂದು ಬರಹದಿಂದ ಬಂದವು. ಅದು ಬೈಬಲ್‌ಗೆ ಸೇರಲಿಲ್ಲ, ಆದರೆ ಜನರ ಭಕ್ತಿಗೆ, ಚಿತ್ರಗಳಿಗೆ, ಹಬ್ಬಗಳಿಗೆ ಸೇರಿಕೊಂಡಿತು.

ತೋಮನ ಹೆಸರಿನ ಇನ್ನೊಂದು ಬಾಲ್ಯದ ಬರಹ ಇದೆ. ಅದರಲ್ಲಿ ಐದು ವರ್ಷದ ಯೇಸು ಮಣ್ಣಿನಲ್ಲಿ 12 ಗುಬ್ಬಿ ಮಾಡಿ ಚಪ್ಪಾಳೆ ತಟ್ಟಿ ಹಾರಿಸುತ್ತಾನೆ. ಅದೇ ಹುಡುಗ ಸಿಟ್ಟು ಬಂದರೆ ಜೊತೆಯವರನ್ನು ಶಪಿಸಿ ಬೀಳಿಸುತ್ತಾನೆ ಕೂಡ! ಚರ್ಚು ಇದನ್ನು ಒಪ್ಪಲಿಲ್ಲ. ಲೂಕನ 12 ವರ್ಷದ ಹುಡುಗನ ಪಕ್ಕದಲ್ಲಿ ಇವನನ್ನು ನಿಲ್ಲಿಸಿ ನೋಡಿ, ಯಾಕೆ ಅಂತ ನಿಮಗೇ ತಿಳಿಯುತ್ತದೆ.

ಮಣ್ಣಿನ ಹಕ್ಕಿಯ ಮಾತು ಕುರಾನ್‌ನಲ್ಲೂ ಬರುತ್ತದೆ (3:49, 5:110). ಅದರ 19ನೇ ಅಧ್ಯಾಯದ ಹೆಸರೇ ಮರ್ಯಮ್. ಅಲ್ಲಿ ಹೆರಿಗೆ ನೋವು ತಿನ್ನುತ್ತಿರುವ ತಾಯಿ ಒಬ್ಬಳೇ ಖರ್ಜೂರದ ಮರದ ಬುಡದಲ್ಲಿ ಇರುತ್ತಾಳೆ, ಕೂಸು ತೊಟ್ಟಿಲಲ್ಲೇ ಮಾತಾಡಿ ತಾಯಿಯ ಮಾನ ಉಳಿಸುತ್ತದೆ. ಯೋಸೇಫ ಅಲ್ಲಿಲ್ಲ. ನಿಮ್ಮ ಬೀದಿಯ ಮುಸ್ಲಿಂ ಮನೆಯ ಹಿರಿಯರನ್ನು ಕೇಳಿ, ಚೆನ್ನಾಗಿ ಹೇಳುತ್ತಾರೆ. ಬರೆದುಕೊಳ್ಳಿ, ಆದರೆ ಮತ್ತಾಯ, ಲೂಕರ ಹಾಳೆಗೆ ಸೇರಿಸಬೇಡಿ, ಬೇರೆ ಹಾಳೆ ತೆಗೆಯಿರಿ.

12ರಿಂದ ಸುಮಾರು 30 ವರ್ಷದ ತನಕ ಬೈಬಲ್ ಏನೂ ಹೇಳುವುದಿಲ್ಲ. ಆ ಖಾಲಿ ಜಾಗ ತುಂಬಿಸಲು ಯೇಸು ಭಾರತಕ್ಕೆ ಬಂದು ಕಲಿತ ಅನ್ನುವ ಕಥೆ ವಾಟ್ಸಾಪ್‌ನಲ್ಲಿ ಪ್ರತಿ ಕ್ರಿಸ್ಮಸ್‌ಗೂ ಓಡಾಡುತ್ತದೆ. ಇದನ್ನು ಹಬ್ಬಿಸಿದವನು ನೋಟೊವಿಚ್ ಅನ್ನುವ ರಷ್ಯಾದವನು, 1894ರಲ್ಲಿ. ಲಡಾಖಿನ ಹೆಮಿಸ್ ಮಠದಲ್ಲಿ ಹಳೆಯ ಗ್ರಂಥ ಓದಿಸಿಕೊಂಡೆ ಅಂದ. ಮರುವರ್ಷವೇ ಡಗ್ಲಾಸ್ ಅನ್ನುವ ಪ್ರೊಫೆಸರ್ ಅಲ್ಲಿಗೆ ಹೋಗಿ ಕೇಳಿದಾಗ ಮಠದ ಮುಖ್ಯಸ್ಥರು ಅಂಥದ್ದೇನೂ ಇಲ್ಲ ಅಂದರು.

ಕೊನೆಗೆ: ಎರಡನೇ ಸಲ ಓದುವಾಗ

ಮೊದಲ ಓದು ಪುಸ್ತಕದ ಕ್ರಮದಲ್ಲಿ. ಎರಡನೆಯದನ್ನು ಚರ್ಚಿನ ಕ್ಯಾಲೆಂಡರ್ ಪ್ರಕಾರ ಮಾಡಿ. ಮಾರ್ಚ್ 25ಕ್ಕೆ ಲೂಕ 1:26ರಿಂದ, ಗಬ್ರಿಯೇಲ ಮರಿಯಳ ಬಳಿ ಬಂದದ್ದು. ಅಲ್ಲಿಂದ ಒಂಬತ್ತು ತಿಂಗಳು ಎಣಿಸಿ. ಜೂನ್ 24ಕ್ಕೆ ಯೋಹಾನನ ಹುಟ್ಟು. ಡಿಸೆಂಬರ್ 25ಕ್ಕೆ ಲೂಕ 2. ಡಿಸೆಂಬರ್ 28ಕ್ಕೆ ಮತ್ತಾಯ 2:16, ಬೇತ್ಲೆಹೇಮಿನ ಮಕ್ಕಳು. ಜನವರಿ 6ಕ್ಕೆ ಅಥವಾ ಅದರ ಹತ್ತಿರದ ಭಾನುವಾರ ಜೋಯಿಸರು. ಫೆಬ್ರುವರಿ 2ಕ್ಕೆ, ಅಂದರೆ 40ನೇ ದಿನಕ್ಕೆ, ಸಿಮೆಯೋನ ಮತ್ತು ಅನ್ನ. ಕ್ರಿಶ್ಚಿಯನ್ ಅಲ್ಲದವರು ಆ ದಿನಗಳಲ್ಲಿ ಚರ್ಚಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತು ಕೇಳಿದರೆ ಯಾರೂ ಎಬ್ಬಿಸುವುದಿಲ್ಲ. ಪೂಜೆ ಮುಗಿದ ಮೇಲೆ ಫಾದರ್ ಅಥವಾ ಪಾಸ್ಟರ್ ಹತ್ತಿರ ನಿಮ್ಮ ಎರಡು ಕಾಲಮ್ಮಿನ ಹಾಳೆ ಹಿಡಿದುಕೊಂಡೇ ಹೋಗಿ. ಬರಿಗೈಯಲ್ಲಿ ಕ್ರಿಸ್ಮಸ್ ಅಂದರೆ ಏನು ಅಂತ ಕೇಳಿದರೆ ಪ್ರವಚನ ಸಿಗುತ್ತದೆ, ಲೂಕ 2:2ರ ಬಗ್ಗೆ ಕೇಳಿದರೆ ಉತ್ತರ ಸಿಗುತ್ತದೆ.

ಇಷ್ಟಾದ ಮೇಲೂ ಓದುವ ಹುಮ್ಮಸ್ಸಿದ್ದರೆ ಲೂಕ 3ಕ್ಕೆ ಹೋಗಿ. ಜಕರೀಯನ ಮಗ ಯೋಹಾನ ಬೆಳೆದು ದೊಡ್ಡವನಾಗಿ ಹೊಳೆ ದಂಡೆಯಲ್ಲಿ ಜನರನ್ನು ಬೈಯುತ್ತಾ ನಿಂತಿದ್ದಾನೆ.